ಇಪ್ಪತ್ನಾಲ್ಕು ವರ್ಷ ಬರೆದ ದುಭಾಷಿ



ಕಳೆದ ತಿಂಗಳು ನಮ್ಮ ಕನ್ನಡ ಕಾರ್ಯಕ್ರಮಕ್ಕೆ ಒಂದು ಕಾಗದ ಬಂತು. ಅದು ಹಾಡಿನ ಕೋರಿಕೆಯಲ್ಲ, ಹುಟ್ಟುಹಬ್ಬದ ಶುಭಾಶಯವೂ ಅಲ್ಲ. ಬರೆದವರು ಮದುವೆಯಾಗಿ ಚೆನ್ನೈಗೆ ಬಂದು ನಲವತ್ತು ವರ್ಷ ದಾಟಿದ ಒಬ್ಬ ಹಿರಿಯ ಕೇಳುಗರು. ಹೆಸರು ಹೇಳಬೇಡಿ ಎಂದಿದ್ದಾರೆ, ಹೇಳುವುದಿಲ್ಲ. ಹದಿನೆಂಟು ವರ್ಷಗಳಿಂದ ರಾತ್ರಿ ಅಡುಗೆಮನೆ ಕೆಲಸ ಮುಗಿಸಿ, ಒಂದು ಗೆರೆ ಹಾಕಿದ ನೋಟ್‌ಬುಕ್ಕಿನಲ್ಲಿ ಅಂದಂದಿನ ಸಂಗತಿಯನ್ನು ಕನ್ನಡದಲ್ಲಿ ಬರೆಯುತ್ತಾ ಬಂದಿದ್ದಾರಂತೆ. ಈಗ ಅವರ ಪ್ರಶ್ನೆ ಇಷ್ಟು: ಮಕ್ಕಳಿಗೆ ಕನ್ನಡ ಮಾತಾಡಲು ಬರುತ್ತದೆ, ಓದಲು ಬರುವುದಿಲ್ಲ. ಮೊಮ್ಮಕ್ಕಳಿಗೆ ಅದೂ ಅಷ್ಟಕ್ಕಷ್ಟೆ. ಹಾಗಿರುವಾಗ ಯಾರಿಗಾಗಿ ಬರೆಯಲಿ? ನಿಲ್ಲಿಸಿಬಿಡಲೇ?

ಎರಡು ಹಾಡುಗಳ ನಡುವೆ ನನಗೆ ಸಿಗುವುದು ಅರ್ಧ ನಿಮಿಷ. ಅಷ್ಟರಲ್ಲಿ “ನಿಲ್ಲಿಸಬೇಡಿ ಅಮ್ಮ” ಎಂದು ಹೇಳಿ ಮುಂದಿನ ಹಾಡು ಹಾಕಿಬಿಡಬಹುದಿತ್ತು. ಹಾಗೆ ಹೇಳುವುದು ಸುಲಭ, ಅದಕ್ಕೇ ಹೇಳಲಿಲ್ಲ. ಬದಲಿಗೆ ಇಲ್ಲಿಂದ ನೂರೈವತ್ತು ಕಿಲೋಮೀಟರು ದೂರದ ಒಂದು ಊರಿನಲ್ಲಿ ಇಂಥದೇ ಕೆಲಸ ಮಾಡಿದ ಒಬ್ಬರ ಕಥೆ ಹೇಳುತ್ತೇನೆ. ಕೇಳಿ… ಅಲ್ಲ, ಈ ಸಲ ಓದಿ.

ಪುದುಚೇರಿಗೆ ಹೋದವರು ಸಾಮಾನ್ಯವಾಗಿ ಸಮುದ್ರ ದಂಡೆ, ಆಶ್ರಮ, ಬಿಳಿ ಗೋಡೆಯ ಫ್ರೆಂಚ್ ಬೀದಿಗಳನ್ನು ನೋಡಿ ಬರುತ್ತಾರೆ. ಕಾಲುವೆ ದಾಟಿ ಪಶ್ಚಿಮಕ್ಕೆ, ದೊಡ್ಡ ಮಾರ್ಕೆಟ್ಟಿನ ಕಡೆ ನಡೆದರೆ ರಂಗಪಿಳ್ಳೆ ಬೀದಿ ಸಿಗುತ್ತದೆ. ಮೀನು, ಹೂವು, ಪ್ಲಾಸ್ಟಿಕ್ ಕೊಡ, ಆಟೋ, ಸೈಕಲ್‌ಗಳ ಗದ್ದಲದ ನಡುವೆ ಅಲ್ಲೊಂದು ಹಳೆಯ ಮನೆ ಇದೆ. ಕೆಳಗೆ ನಮ್ಮ ತೊಟ್ಟಿಮನೆಗಳಂತೆ ಮರದ ಕಂಬಗಳು, ಮೇಲೆ ಫ್ರೆಂಚರ ರೀತಿಯ ಗಾರೆಯ ದುಂಡು ಕಂಬಗಳು. ಅದು ಆನಂದರಂಗ ಪಿಳ್ಳೆಯವರ ಮನೆ. ಕಟ್ಟಿದ್ದು 1738ರ ಸುಮಾರಿಗೆ. ಅದಕ್ಕೆ ಎರಡು ವರ್ಷ ಮೊದಲು, 1736ರ ಸೆಪ್ಟೆಂಬರ್ 6ರಂದು ಈ ಮನುಷ್ಯ ಒಂದು ಪುಸ್ತಕ ತೆರೆದು ದಿನಚರಿ ಬರೆಯಲು ಕುಳಿತರು. ಆಗ ಅವರಿಗೆ ಇಪ್ಪತ್ತೇಳು ವರ್ಷ. ಕೊನೆಯ ಬರಹ 1761ರ ಜನವರಿಯದು. ಲೆಕ್ಕ ಹಾಕಿ: ಇಪ್ಪತ್ನಾಲ್ಕು ವರ್ಷ, ನಾಲ್ಕು ತಿಂಗಳು.

ಈ ಪಿಳ್ಳೆಯವರು ಹುಟ್ಟಿದ್ದು ನಮ್ಮ ಪೆರಂಬೂರಿನಲ್ಲೇ, 1709ರಲ್ಲಿ. ತಂದೆ ತಿರುವೇಂಗಡಂ ಪಿಳ್ಳೆ ವ್ಯಾಪಾರಿ. ಫ್ರೆಂಚ್ ಈಸ್ಟ್ ಇಂಡಿಯಾ ಕಂಪನಿಯ ವ್ಯವಹಾರ ಹಿಡಿದು ಮದರಾಸು ಬಿಟ್ಟು ಪಾಂಡಿಚೇರಿಗೆ ಹೋದವರು. ತಂದೆ ತೀರಿಕೊಂಡ ಮೇಲೆ ಮಗನೂ ಅದೇ ದಾರಿ ಹಿಡಿದರು. ಬಟ್ಟೆ ವ್ಯಾಪಾರ, ನೇಕಾರರಿಗೆ ಮುಂಗಡ, ಸ್ವಂತಕ್ಕೆ ಒಂದು ಹಡಗು ಕೂಡ. 1747ರಲ್ಲಿ ಕಂಪನಿಯ ಮುಖ್ಯ ದುಭಾಷಿಯಾದರು. ದುಭಾಷಿ ಎಂದರೆ ಬರೀ ಮಾತು ಅನುವಾದಿಸುವವನಲ್ಲ. ಗವರ್ನರನಿಗೂ ಊರಿಗೂ ನಡುವಿನ ಬಾಗಿಲು. ನವಾಬನ ಪತ್ರ ಬಂದರೆ ಓದಿ ಹೇಳುವವರು, ವ್ಯಾಪಾರಿಗಳ ಜಗಳ ಬಂದರೆ ಬಿಡಿಸುವವರು, ಸಾಲ ಕೇಳಬೇಕಾದರೆ ಸಾಲ ಹುಟ್ಟಿಸುವವರು, ಎಲ್ಲ ಅವರೇ. ಗವರ್ನರ್ ಯಾರೆಂದು ಹೇಳಿದರೆ ನಿಮಗೆ ಹೈಸ್ಕೂಲು ನೆನಪಾಗುತ್ತದೆ: ಡೂಪ್ಲೆ.

ಹೌದು, ಅದೇ ಡೂಪ್ಲೆ, ಅದೇ ಕರ್ನಾಟಿಕ್ ಯುದ್ಧಗಳು. (ಈ ಯುದ್ಧಗಳು ನಮ್ಮ ಕರ್ನಾಟಕದಲ್ಲಿ ನಡೆದವೆಂದೇ ನಾನು ಹತ್ತನೇ ತರಗತಿಯವರೆಗೆ ನಂಬಿದ್ದೆ. ಪರೀಕ್ಷೆಯಲ್ಲಿ ಹಾಗೆ ಬರೆದು ಎರಡು ಅಂಕ ಕಳೆದುಕೊಂಡಿದ್ದೂ ಉಂಟು.) ಆರ್ಕಾಟಿನ ನವಾಬನ ಗದ್ದುಗೆಗಾಗಿ ಇಂಗ್ಲಿಷರೂ ಫ್ರೆಂಚರೂ ಒಬ್ಬೊಬ್ಬರ ಪಕ್ಷ ಹಿಡಿದು ಬಡಿದಾಡಿದ್ದನ್ನು ನಾವು ಇಸವಿಗಳ ಪಟ್ಟಿಯಾಗಿ ಓದಿದೆವು. ಅದೇ ಸಂಗತಿಯನ್ನು ಪಿಳ್ಳೆಯವರು ದಿನಕ್ಕೊಂದು ಪುಟವಾಗಿ, ಗವರ್ನರನ ಮನೆಯ ಒಳಗೆ ನಿಂತು ಬರೆದಿದ್ದಾರೆ. 1746ರ ಸೆಪ್ಟೆಂಬರಿನಲ್ಲಿ ಲ ಬೂರ್ದೊನೆ ಸಮುದ್ರದಿಂದ ಬಂದು ಮದರಾಸನ್ನು ಹಿಡಿದದ್ದು, ಊರನ್ನು ಹಣಕ್ಕೆ ಹಿಂದಿರುಗಿಸಬೇಕೋ ಬೇಡವೋ ಎಂದು ಅವನಿಗೂ ಡೂಪ್ಲೆಗೂ ಜಗಳ ಹತ್ತಿದ್ದು, ಅದೇ ವರ್ಷದ ಕೊನೆಯಲ್ಲಿ ಅಡ್ಯಾರು ನದಿಯ ಬಳಿ ಸಣ್ಣದೊಂದು ಫ್ರೆಂಚ್ ದಳ ನವಾಬನ ದೊಡ್ಡ ಸೈನ್ಯವನ್ನು ಓಡಿಸಿದ್ದು, ಎಲ್ಲವೂ ಅಲ್ಲಿವೆ. ಅಡ್ಯಾರು ಸೇತುವೆಯ ಮೇಲೆ ಸಂಜೆ ಟ್ರಾಫಿಕ್ಕಿನಲ್ಲಿ ಸಿಕ್ಕಿಕೊಂಡಾಗ ಇದನ್ನು ನೆನೆಸಿಕೊಳ್ಳಿ, ಸ್ವಲ್ಪ ಹೊತ್ತು ಕಳೆಯುತ್ತದೆ.

ಆದರೆ ನಾನು ನಿಮಗೆ ಹೇಳಬೇಕೆಂದಿರುವುದು ಯುದ್ಧದ ಪುಟಗಳನ್ನಲ್ಲ, ಯುದ್ಧವಿಲ್ಲದ ದಿನಗಳ ಪುಟಗಳನ್ನು. ಈ ದಿನಚರಿಯ ಇಂಗ್ಲಿಷ್ ಅನುವಾದ ಹನ್ನೆರಡು ಸಂಪುಟಗಳಷ್ಟಿದೆ. ಮೊದಲ ಸಲ ಕೈಗೆತ್ತಿಕೊಂಡಾಗ ನನಗೆ ನಿರಾಶೆಯೇ ಆಯಿತು. ಇಂಥ ಹಡಗು ಬಂತು. ಇಂಥ ಹಡಗು ಹೊರಟಿತು. ಇಷ್ಟು ತೋಪು ಹಾರಿಸಿದರು. ಗವರ್ನರ್ ಊಟ ಮಾಡಿ ಮಲಗಿದ. ನಾನು ಅಡಿಕೆ ಮಂಡಿಗೆ ಹೋಗಿ ಕುಳಿತೆ. ಮತ್ತೆ ಹಡಗು, ಮತ್ತೆ ತೋಪು. ಶುರುವಿನಲ್ಲೇ ಅವರು ಹೇಳಿಕೊಂಡಿದ್ದೂ ಅಷ್ಟೇ: ಕಿವಿಗೆ ಬಿದ್ದದ್ದು, ಕಣ್ಣಿಗೆ ಕಂಡದ್ದು, ಹಡಗುಗಳು ಬಂದದ್ದು ಹೋದದ್ದು, ಏನಾದರೂ ವಿಶೇಷ ನಡೆದರೆ ಅದು. ಇದರಲ್ಲಿ ಮಹತ್ವಾಕಾಂಕ್ಷೆ ಏನೂ ಇಲ್ಲ. ವ್ಯಾಪಾರಿ ಮನೆತನದವರು ಲೆಕ್ಕದ ಪುಸ್ತಕ ಬರೆದಂತೆ ಬರೆದಿದ್ದಾರೆ. ನಮ್ಮಲ್ಲೂ ಅದಕ್ಕೆ ‘ದಿನವಹಿ’ ಎಂಬ ಹಳೆಯ ಹೆಸರಿದೆಯಲ್ಲ, ಹಾಗೆ.

ಮುಂದೆ ಓದುತ್ತಾ ಹೋದಂತೆ ಗೊತ್ತಾಯಿತು, ಆ ಹಡಗಿನ ಸಾಲು ಸುಮ್ಮನೆ ಬಂದದ್ದಲ್ಲ ಎಂದು. ಫ್ರಾನ್ಸಿನಿಂದ ಹೊರಟ ಹಡಗು ಆಫ್ರಿಕಾ ಸುತ್ತಿ ಬರಲು ತಿಂಗಳುಗಟ್ಟಲೆ ಬೇಕು. ಅದು ಬಂದರೆ ಬೆಳ್ಳಿ ಬಂತು. ಬೆಳ್ಳಿ ಬಂದರೆ ನೇಕಾರರಿಗೆ ಮುಂಗಡ, ಸಿಪಾಯಿಗಳಿಗೆ ಸಂಬಳ. ಬಾರದಿದ್ದರೆ ಇಡೀ ಊರು ಸಾಲದಲ್ಲಿ. ಹಾಗಾಗಿ “ಇವತ್ತೂ ಹಡಗು ಇಲ್ಲ” ಎಂಬ ಒಂದು ಸಾಲು ಎರಡು ತಿಂಗಳು ಸತತವಾಗಿ ಬಂದರೆ, ಅದು ಯುದ್ಧದ ವರ್ಣನೆಗಿಂತ ಹೆಚ್ಚಿನದನ್ನು ಹೇಳುತ್ತದೆ. ನಾವು ಮಳೆಗಾಲದಲ್ಲಿ ಕೆರೆಯ ಮಟ್ಟ ನೋಡಿದಂತೆ ಅವರು ಸಮುದ್ರ ನೋಡುತ್ತಿದ್ದರು.

ಭಾಷೆಯೂ ಹಾಗೆಯೇ ಇತ್ತಂತೆ. ಪಂಡಿತರ ತಮಿಳಲ್ಲ, ಬಾಯಿಮಾತಿನ ತಮಿಳು. ನಡುನಡುವೆ ಪೋರ್ಚುಗೀಸ್, ಫ್ರೆಂಚ್, ಪಾರಸಿ ಪದಗಳು. ಚಿಹ್ನೆ ಇಲ್ಲದೆ ಸಾಗುವ ಉದ್ದುದ್ದ ವಾಕ್ಯಗಳು. ದಿನಾಂಕ ತಮಿಳು ಪಂಚಾಂಗದ ಪ್ರಕಾರವೂ ಉಂಟು, ಫಿರಂಗಿಗಳ ಕ್ಯಾಲೆಂಡರಿನಂತೆಯೂ ಉಂಟು. ಕೆಲವನ್ನು ಕೈಯಾರೆ ಬರೆದರು, ಕೆಲವನ್ನು ಹೇಳಿ ಬರೆಸಿದರು. ಮನೆಯಲ್ಲಿ ಕನ್ನಡ, ಬೀದಿಯಲ್ಲಿ ತಮಿಳು, ಆಫೀಸಿನಲ್ಲಿ ಇಂಗ್ಲಿಷ್ ಆಡುವ ನಮ್ಮಂಥವರಿಗೆ ಈ ಬೆರಕೆ ಹೊಸದೇನಲ್ಲ. ನೀವು ನಿಮ್ಮ ನೋಟ್‌ಬುಕ್ಕಿನಲ್ಲಿ ‘ಗ್ಯಾಸ್ ಬುಕ್ ಮಾಡಿದೆ’ ಎಂದು ಬರೆದಿರುತ್ತೀರಲ್ಲ ಅಮ್ಮ, ಪಿಳ್ಳೆಯವರದೂ ಅದೇ ದಾರಿ.

ಈಗ ಅವರ ಗುಣದೋಷದ ಮಾತು. ದೊಡ್ಡ ಮನುಷ್ಯರೆಂದು ಪೂಜೆ ಮಾಡಲು ನಾನು ಇದನ್ನು ಬರೆಯುತ್ತಿಲ್ಲ. ಆನಂದರಂಗರಿಗೆ ಹೊಗಳಿಕೆ ಎಂದರೆ ಬಲು ಪ್ರೀತಿ. ಯಾರಾದರೂ ಹೊಗಳಿದರೆ ಅದನ್ನು ಒಂದಕ್ಷರ ಬಿಡದೆ ಬರೆದಿಡುತ್ತಾರೆ. ಗ್ರಹಗತಿ, ಶಕುನ, ಮುಹೂರ್ತ ಎಂದರೆ ಪ್ರಾಣ. ತಮಗಿಂತ ಮೊದಲು ಮುಖ್ಯ ದುಭಾಷಿಯಾಗಿದ್ದ ಕನಕರಾಯ ಮೊದಲಿಯ ಮೇಲಿನ ಅಸೂಯೆಯನ್ನು ಮುಚ್ಚಿಡುವುದಿಲ್ಲ. ಡೂಪ್ಲೆಯ ಹೆಂಡತಿ ಜೀನ್ ಎಂದರಂತೂ ಹಾವು ಮುಂಗುಸಿ. ಜಾತಿಯ ವಿಷಯ ಬಂದರೆ ತಮ್ಮ ಕಾಲದವರೇ ಹೊರತು ನಮ್ಮ ಕಾಲದವರಲ್ಲ. ಇವನ್ನೆಲ್ಲ ಅವರೇ ಬರೆದಿಟ್ಟಿರುವುದರಿಂದ ನಮಗೆ ಗೊತ್ತು. ಮುಪ್ಪಿನಲ್ಲಿ ಕುಳಿತು ಆತ್ಮಕಥೆ ಬರೆದಿದ್ದರೆ ಇದರಲ್ಲಿ ಅರ್ಧವನ್ನು ತಿದ್ದಿಬಿಡುತ್ತಿದ್ದರೋ ಏನೋ.

ಇಲ್ಲೇ ದಿನಚರಿಗೂ ನೆನಪಿನ ಬರಹಕ್ಕೂ ಇರುವ ಅಂತರ. ಡಿ.ವಿ.ಜಿ.ಯವರ ‘ಜ್ಞಾಪಕ ಚಿತ್ರಶಾಲೆ’ಯನ್ನು ನಾವೆಲ್ಲ ಪ್ರೀತಿಯಿಂದ ಓದಿದ್ದೇವೆ. ಅದು ಕಾಲ ಸೋಸಿ ಕೊಟ್ಟ ತಿಳಿ. ಬರೆಯುವಾಗ ಅವರಿಗೆ ಯಾರ ಕಥೆ ಎಲ್ಲಿ ಮುಗಿಯಿತೆಂದು ಗೊತ್ತಿತ್ತು. ದಿನಚರಿ ಬರೆಯುವವರಿಗೆ ನಾಳೆ ಗೊತ್ತಿಲ್ಲ. 1750ರಲ್ಲಿ ಡೂಪ್ಲೆಯ ಕೈ ಮೇಲಾದಾಗ ಪಾಂಡಿಚೇರಿಯೇ ಈ ಸೀಮೆಯನ್ನೆಲ್ಲ ಆಳುತ್ತದೆಂದು ನಂಬಿ ಬರೆದ ಪುಟಗಳನ್ನು ಇವತ್ತು ಓದುವಾಗ ನಮಗೆ ಹೊಟ್ಟೆಯಲ್ಲಿ ಏನೋ ಆಗುತ್ತದೆ. ನಮಗೆ ಕೊನೆ ಗೊತ್ತು, ಅವರಿಗೆ ಗೊತ್ತಿಲ್ಲ.

ಎರಡು ಸಂಗತಿಗಳನ್ನು ಮಾತ್ರ ಹೇಳುತ್ತೇನೆ. 1743ರಲ್ಲಿ ಪಾಂಡಿಚೇರಿಯ ಸುತ್ತಲಿನ ಹಳ್ಳಿಗರನ್ನು ಕೂಲಿಯ ಆಸೆ ತೋರಿಸಿ, ಮೋಸದಿಂದ ಹಿಡಿದು ಕೂಡಿಹಾಕಿ, ರಾತ್ರಿ ಹಡಗು ಹತ್ತಿಸಿ ಗುಲಾಮರಾಗಿ ಮಾರುತ್ತಿದ್ದ ಜಾಲವೊಂದು ಬಯಲಿಗೆ ಬಂತು. ಅದರ ವಿವರವನ್ನು ಪಿಳ್ಳೆಯವರು ಬರೆದಿದ್ದಾರೆ. ಹಾಗೆ ಹೋದವರು ಬರೆಯುವ ಸ್ಥಿತಿಯಲ್ಲಿರಲಿಲ್ಲ, ಅವರ ಮನೆಯವರಿಗೂ ಬರೆಯಲು ಬರುತ್ತಿರಲಿಲ್ಲ. ಒಬ್ಬ ವ್ಯಾಪಾರಿ ಆ ರಾತ್ರಿ ಬರೆದದ್ದರಿಂದ ಅವರ ಪಾಡು ಇವತ್ತು ನಮಗೆ ತಿಳಿದಿದೆ.

ಇನ್ನೊಂದು 1748ರದು. ಇಂಗ್ಲಿಷ್ ಅಡ್ಮಿರಲ್ ಬೊಸ್ಕಾವೆನ್ ಪಾಂಡಿಚೇರಿಗೆ ಮುತ್ತಿಗೆ ಹಾಕಿದ್ದ ಹೊತ್ತು. ಊರಿನ ವೇದಪುರೀಶ್ವರ ದೇವಸ್ಥಾನ ಪಾದ್ರಿಗಳ ಚರ್ಚಿನ ಪಕ್ಕದಲ್ಲೇ ಇತ್ತು. ಅದನ್ನು ತೆಗೆಸಬೇಕೆಂಬ ಒತ್ತಾಯ ದಶಕಗಳದು. ಜನ ಊರು ಬಿಟ್ಟು ಹೋದಾರೆಂಬ ಹೆದರಿಕೆಯಿಂದ ಹಿಂದಿನ ಗವರ್ನರುಗಳು ಅದಕ್ಕೆ ಕೈಹಾಕಿರಲಿಲ್ಲ. ಯುದ್ಧದ ಗದ್ದಲದಲ್ಲಿ ಡೂಪ್ಲೆ ಹಾಕಿದ, ದೇವಸ್ಥಾನ ಉರುಳಿತು. ಪಿಳ್ಳೆ ಮುಖ್ಯ ದುಭಾಷಿ. ಗವರ್ನರನಿಗೆ ಅತ್ಯಂತ ಹತ್ತಿರದ ದೇಶೀಯ. ಆದರೂ ತಡೆಯಲಾಗಲಿಲ್ಲ. ಅಥವಾ ಅಧಿಕಾರ ಕಳೆದುಕೊಳ್ಳುವಷ್ಟು ಗಟ್ಟಿಯಾಗಿ ತಡೆಯಲಿಲ್ಲ ಎನ್ನಿ, ನನಗೆ ಹಾಗೇ ಅನ್ನಿಸುತ್ತದೆ. ಹಗಲು ಗವರ್ನರನ ಮುಂದೆ ಕೈಕಟ್ಟಿ ನಿಂತ ಮನುಷ್ಯ ದಿನಚರಿಯಲ್ಲಿ ಒಂದೊಂದು ಘಟನೆಯನ್ನೂ ನೋವಿನಿಂದ ಬರೆದಿದ್ದಾರೆ. ಗವರ್ನರನ ಹೆಂಡತಿಯನ್ನು ಬೈದಿದ್ದಾರೆ, ಒಗ್ಗಟ್ಟಿಲ್ಲದ ಊರಿನ ಹಿರಿಯರನ್ನೂ ಬೈದಿದ್ದಾರೆ. ಹೇಳಲಾಗದ ಮಾತಿಗೆ ಆ ಪುಸ್ತಕವೊಂದೇ ಜಾಗ. ಹದಿನೆಂಟು ವರ್ಷ ಅಡುಗೆಮನೆಯ ಕೆಲಸ ಮುಗಿಸಿ ಬರೆದವರಿಗೆ ಇದನ್ನು ನಾನು ಬಿಡಿಸಿ ಹೇಳಬೇಕಾಗಿಲ್ಲ.

ನಮ್ಮ ಕಡೆಯವರೂ ಈ ಕಥೆಯಲ್ಲಿದ್ದಾರೆ. 1750ರ ಡಿಸೆಂಬರಿನಲ್ಲಿ ಜಿಂಜಿಯ ಬಳಿ ನಿಜಾಮ ನಾಸಿರ್ ಜಂಗ್ ಕೊಲೆಯಾದಾಗ ಅಲ್ಲಿದ್ದ ಮೈಸೂರಿನ ಪಡೆಯಲ್ಲಿ ಒಬ್ಬ ಚುರುಕು ದಳಪತಿಯಿದ್ದ. ಆ ಗೊಂದಲದಲ್ಲಿ ಖಜಾನೆಯ ಒಂದು ಪಾಲು ಅವನ ಕೈಸೇರಿತೆಂದು ಇತಿಹಾಸಕಾರರು ಹೇಳುತ್ತಾರೆ. ಹೆಸರು ಹೈದರ್ ಅಲಿ. ಮುಂದೆ ತಿರುಚಿನಾಪಳ್ಳಿಯ ಆಸೆಗೆ ಬಿದ್ದು ಕರಾಚೂರಿ ನಂಜರಾಜಯ್ಯ ಮೈಸೂರಿನ ಸೈನ್ಯವನ್ನು ಅಲ್ಲೇ ವರ್ಷಗಟ್ಟಲೆ ಕೂರಿಸಿ ಬೊಕ್ಕಸ ಬರಿದು ಮಾಡಿದ. ಅವನ ವಕೀಲರು, ಪತ್ರಗಳು, ಹಣದ ಮಾತುಕತೆಗಳು ಈ ದಿನಚರಿಯಲ್ಲಿ ಸುಳಿಯುತ್ತವೆ. 1760ರಲ್ಲಿ ಇಂಗ್ಲಿಷರು ಪಾಂಡಿಚೇರಿಯನ್ನು ಸುತ್ತುವರಿದು ಊರು ಹಸಿವಿನಿಂದ ಕಂಗೆಟ್ಟಾಗ ಹೈದರನು ತನ್ನ ಬಂಧು ಮಖ್ದೂಮ್ ಅಲಿಯ ಕೈಯಲ್ಲಿ ಸೈನ್ಯ ಕಳಿಸಿದ. ಮೈಸೂರಿನವರು ಇಂಗ್ಲಿಷರ ಒಂದು ದಳವನ್ನು ಸೋಲಿಸಿದ್ದೂ ನಿಜ. ಆದರೆ ಅದೇ ಆಗಸ್ಟಿನಲ್ಲಿ ಶ್ರೀರಂಗಪಟ್ಟಣದಲ್ಲಿ ಖಂಡೇರಾಯ ತಿರುಗಿಬಿದ್ದ. ಹೈದರನಿಗೆ ತನ್ನ ತಲೆ ಉಳಿದರೆ ಸಾಕಾಯಿತು. ಸೈನ್ಯ ಹಿಂದಕ್ಕೆ ಹೋಯಿತು. ಕಾವೇರಿ ದಂಡೆಯ ಜಗಳಕ್ಕೆ ಸಮುದ್ರ ದಂಡೆಯ ಊರು ಬೆಲೆ ತೆತ್ತಿತು.

ಅಷ್ಟರಲ್ಲಿ ಪಿಳ್ಳೆಯವರ ಸ್ಥಿತಿ ಏನಾಗಿತ್ತು? 1754ರಲ್ಲಿ ಡೂಪ್ಲೆಯನ್ನು ಫ್ರಾನ್ಸಿಗೆ ವಾಪಸು ಕರೆಸಿಕೊಂಡರು. ಅವನೊಂದಿಗೆ ಪಿಳ್ಳೆಯವರ ಒಳ್ಳೆಯ ದಿನಗಳೂ ಹೋದವು. 1756ರಲ್ಲಿ ಮುಖ್ಯ ದುಭಾಷಿಯ ಹುದ್ದೆಯಿಂದ ಅವರನ್ನು ತೆಗೆದುಹಾಕಿದರು. ಆರೋಗ್ಯ ಕೆಟ್ಟಿತ್ತು. ಬರಬೇಕಾದ ಬಾಕಿ ಬರಲಿಲ್ಲ. ಪಲ್ಲಕ್ಕಿ, ಮರ್ಯಾದೆ, ಬಾಗಿಲಲ್ಲಿ ಕಾಯುವ ಜನ, ಎಲ್ಲ ಕರಗಿದವು.

ನನ್ನ ಮಟ್ಟಿಗೆ ಈ ಕಥೆಯ ತಿರುಳು ಇಲ್ಲಿದೆ. ಅಧಿಕಾರ ಇದ್ದಾಗ ಬರೆಯಲು ಕಾರಣವಿತ್ತು. ಗವರ್ನರ್ ಏನೆಂದ, ನವಾಬ ಏನು ಬರೆದ, ನಾಳೆ ಯಾರಿಗೆ ಯಾವ ಉತ್ತರ ಕೊಡಬೇಕು ಎಂಬುದಕ್ಕೆ ಅದೊಂದು ಕೈಪಿಡಿ. ಹುದ್ದೆ ಹೋದ ಮೇಲೆ ಆ ಉಪಯೋಗವೂ ಹೋಯಿತು. ದೊಡ್ಡವರ ಮನೆಯ ಒಳಸುದ್ದಿ ಮೊದಲಿನಂತೆ ಸಿಗುತ್ತಿರಲಿಲ್ಲ. ಪುಸ್ತಕ ಮುಚ್ಚಿಬಿಡಲು ಅದಕ್ಕಿಂತ ಒಳ್ಳೆಯ ನೆಪ ಬೇಕೇ? ಅವರು ಮುಚ್ಚಲಿಲ್ಲ. ಇನ್ನೂ ಐದು ವರ್ಷ ಬರೆದರು. ಹೊರಗೆ ಇಂಗ್ಲಿಷರ ತೋಪು, ಒಳಗೆ ಅಕ್ಕಿಯ ಬರ, ಹೊಸ ಸೇನಾಪತಿ ಲಾಲಿಯ ಕೂಗಾಟ, ಹಣಕ್ಕಾಗಿ ಊರಿನವರ ಮೇಲೆ ದಬ್ಬಾಳಿಕೆ, ಎಲ್ಲವನ್ನೂ ಬರೆದರು. 1761ರ ಜನವರಿ 16ರಂದು ಪಾಂಡಿಚೇರಿ ಇಂಗ್ಲಿಷರ ವಶವಾಯಿತು. ಅದೇ ತಿಂಗಳು ಆನಂದರಂಗರು ತೀರಿಕೊಂಡರು. ದಿನಚರಿ ಆ ತಿಂಗಳವರೆಗೂ ಬಂದಿದೆ.

ಲಂಡನ್ನಿನ ಸ್ಯಾಮ್ಯುಯೆಲ್ ಪೀಪ್ಸ್‌ನ ದಿನಚರಿ ಜಗತ್ಪ್ರಸಿದ್ಧ. ನಮ್ಮ ಪಿಳ್ಳೆಯವರನ್ನು ‘ಭಾರತದ ಪೀಪ್ಸ್’ ಎಂದು ಕರೆಯುವ ವಾಡಿಕೆಯೂ ಇದೆ. ನನಗೆ ಈ ಬಿರುದು ಅಷ್ಟಾಗಿ ಹಿಡಿಸದು. ಪೀಪ್ಸ್ 1660ರಲ್ಲಿ ಶುರು ಮಾಡಿ, ಕಣ್ಣು ಹೋದೀತೆಂದು ಹೆದರಿ 1669ರಲ್ಲಿ ನಿಲ್ಲಿಸಿದ. ಕಣ್ಣು ಹೋಗಲಿಲ್ಲ. 1703ರವರೆಗೆ ಬದುಕಿದ. ಬರಹದ ಸೊಗಸಿನಲ್ಲಿ ಅವನು ಮುಂದೆ ಇರಬಹುದು, ಅದನ್ನು ಒಪ್ಪುತ್ತೇನೆ. ಆದರೆ ಒಂಬತ್ತೂವರೆ ವರ್ಷ ಎಲ್ಲಿ, ಇಪ್ಪತ್ನಾಲ್ಕು ಎಲ್ಲಿ!

ಹಾಗೆಂದು ಪಿಳ್ಳೆಯವರು ಒಂದು ದಿನವೂ ಬಿಡದೆ ಬರೆದರೆಂದು ತಿಳಿಯಬೇಡಿ. ನಮಗೆ ಸಿಕ್ಕಿರುವುದರಲ್ಲಿ ನಡುನಡುವೆ ದಿನಗಳಿಲ್ಲ, ಕೆಲವೆಡೆ ತಿಂಗಳುಗಳೇ ಇಲ್ಲ. ಬಿಟ್ಟಲ್ಲಿಂದ ಮತ್ತೆ ಹಿಡಿದಿದ್ದಾರೆ, ಅಷ್ಟೆ. ಇದನ್ನು ಓದಿದಾಗ ನನಗೆ ನಿಜಕ್ಕೂ ಸಮಾಧಾನವಾಯಿತು. ಯಾಕೆಂದರೆ ನಾನು ಜನವರಿ ಒಂದಕ್ಕೆ ಡೈರಿ ಕೊಂಡು ಹದಿನೈದಕ್ಕೆ ಕೈಬಿಡುವ ಪೈಕಿ. ಒಂದು ದಿನ ತಪ್ಪಿದರೆ ಇಡೀ ವರ್ಷವೇ ಕೆಟ್ಟಿತೆಂದು ಮೂಲೆಗೆ ಇಡುತ್ತಿದ್ದೆ. ನಿಲ್ಲದೆ ಬರೆದದ್ದು ಎಂದರೆ ಸ್ಟುಡಿಯೋದ ಲಾಗ್‌ಬುಕ್ ಮಾತ್ರ. ಯಾವ ಹಾಡು ಎಷ್ಟು ಗಂಟೆಗೆ ಹೋಯಿತು, ಎಷ್ಟು ಸೆಕೆಂಡು ಮೌನವಾಯಿತು, ಸಹಿ. ಅದಕ್ಕೆ ಸಂಬಳ ಬರುತ್ತದೆ, ಬರೆಯದಿದ್ದರೆ ಮೆಮೊ ಬರುತ್ತದೆ.

ಸರಿ, ಯಾರಿಗಾಗಿ ಬರೆಯಲಿ ಎಂದು ಕೇಳಿದಿರಲ್ಲ. ಪಿಳ್ಳೆಯವರ ಪುಸ್ತಕಗಳು ಎಂಬತ್ತೈದು ವರ್ಷ ಆ ಮನೆಯಲ್ಲೇ ಬಿದ್ದಿದ್ದವು. 1846ರಲ್ಲಿ ಗಾಲ್ವಾ-ಮೋಂಬ್ರೂ ಎಂಬ ಫ್ರೆಂಚ್ ಅಧಿಕಾರಿಯ ಕಣ್ಣಿಗೆ ಬಿದ್ದು ಅವನು ಪ್ರತಿ ಮಾಡಿಸಿದ. ಇನ್ನೊಂದು ಪ್ರತಿ ಪ್ಯಾರಿಸ್ಸಿನ ರಾಷ್ಟ್ರೀಯ ಗ್ರಂಥಾಲಯ ಸೇರಿತು. ಆಮೇಲೆ ಮದರಾಸು ಸರ್ಕಾರ ಇಂಗ್ಲಿಷಿಗೆ ಅನುವಾದ ಮಾಡಿಸಿತು. ಪ್ರೈಸ್, ರಂಗಾಚಾರಿ, ಆಮೇಲೆ ಡಾಡ್‌ವೆಲ್ ಕೈಯಲ್ಲಿ ಕೆಲಸ ಸಾಗಿ 1904ರಿಂದ 1928ರವರೆಗೆ ಹನ್ನೆರಡು ಸಂಪುಟಗಳಾದವು. ನೋಡಿ, ಅನುವಾದ ಅಚ್ಚಾಗಲೂ ಇಪ್ಪತ್ನಾಲ್ಕು ವರ್ಷವೇ ಹಿಡಿಯಿತು! ಪಿಳ್ಳೆಯವರ ಮನಸ್ಸಿನಲ್ಲಿ ಈ ಓದುಗರು ಯಾರೂ ಇದ್ದಿರಲಾರರು. ತಮಿಳೇ ಬಾರದ ನಾನು ಓದುತ್ತೇನೆಂದಂತೂ ಖಂಡಿತ ಅಲ್ಲ.

ಆದರೆ ಎಲ್ಲ ಪುಸ್ತಕಗಳಿಗೂ ಇಂಥ ಅದೃಷ್ಟ ಇರುವುದಿಲ್ಲ. ಸಾಗರದ ಕಡೆ ನಮ್ಮಜ್ಜ ದಿನವಹಿ ಬರೆಯುತ್ತಿದ್ದರು. ಮಳೆ ಎಷ್ಟು, ಆಳು ಎಷ್ಟು, ಕೊನೆಕೊಯ್ಲು ಯಾವತ್ತು, ಯಾವ ದನ ಕರು ಹಾಕಿತು, ಯಾರು ಬಂದರು, ಏನು ಊಟ. ಮೂವತ್ತಕ್ಕೂ ಹೆಚ್ಚು ಪುಸ್ತಕಗಳಿದ್ದವು. ಅಜ್ಜ ಹೋದ ಮೇಲೆ ಮನೆ ರಿಪೇರಿಗೆ ಅಟ್ಟ ಖಾಲಿ ಮಾಡುವಾಗ ಅವೆಲ್ಲ ರದ್ದಿಯವನ ತಕ್ಕಡಿ ಏರಿದವು. ಬೇರೆಯವರನ್ನು ದೂರಿ ಫಲವಿಲ್ಲ, ಆ ದಿನ ಅಟ್ಟದಿಂದ ಕೆಳಗೆ ಇಳಿಸಿಕೊಟ್ಟವರಲ್ಲಿ ನಾನೂ ಒಬ್ಬ ಆಳು. ಬಿ.ಎ.ಯಲ್ಲಿ ಆಗಷ್ಟೇ ಶಾಸನ, ಹಸ್ತಪ್ರತಿ ಎಂದು ಓದುತ್ತಿದ್ದೆ! ಉಳಿದದ್ದು ಒಂದೇ ಪುಸ್ತಕ, ಯಾರೋ ಅದರ ಮೇಲೆ ಹಿಟ್ಟಿನ ಡಬ್ಬಿ ಇಟ್ಟಿದ್ದರಿಂದ. ನಾನು ಹುಟ್ಟಿದ ವರ್ಷದ್ದು ಹೋದವುಗಳಲ್ಲಿತ್ತು. ಆ ದಿನ ಮಳೆ ಬಂದಿತ್ತೇ ಎಂದು ಕೇಳಲು ಈಗ ಮನೆಯಲ್ಲಿ ಯಾರೂ ಇಲ್ಲ.

ಪಿಳ್ಳೆಯವರ ಮನೆಯಲ್ಲಿ ಬೇರೆಯೇ ಆಯಿತು. ಊರು ಬಿದ್ದು, ಯಜಮಾನರು ಹೋದ ಮೇಲೆ ಅವರ ಸೋದರನ ಮಗ ರಂಗಪ್ಪ ತಿರುವೇಂಗಡಂ ಪಿಳ್ಳೆ ಅದೇ 1761ರಿಂದ ತಾನೂ ದಿನಚರಿ ಬರೆದ. ಆಮೇಲೆ ಅದೇ ಊರಿನ ವೀರಾ ನಾಯಕ್ಕರ್ ಎಂಬವರು 1778ರಿಂದ 1792ರವರೆಗೆ ಬರೆದರು. ಆ ಊರಿಗೇ ಒಂದು ಚಾಳಿ ಹತ್ತಿಬಿಟ್ಟಿತ್ತೋ ಏನೋ.

ಅಮ್ಮ, ನಿಮ್ಮ ಪ್ರಶ್ನೆಗೆ ನನ್ನಲ್ಲಿ ಪೂರ್ತಿ ಉತ್ತರವಿಲ್ಲ. ಮಕ್ಕಳಿಗೆ ಓದಲು ಬಾರದು ಎಂದಿರಿ, ಆದರೆ ಕೇಳಲು ಬರುತ್ತದಲ್ಲ? ನನ್ನ ಕೆಲಸ ಇರುವುದೇ ಅಲ್ಲಿ. ನಿಮಗೆ ಒಪ್ಪಿಗೆಯಾದರೆ ಆ ಹದಿನೆಂಟು ವರ್ಷಗಳಲ್ಲಿ ಒಂದು ದಿನದ ಪುಟವನ್ನು ಪ್ರತಿ ಮಾಡಿ ಕಳಿಸಿಕೊಡಿ. ಮೂಲ ಪುಸ್ತಕ ಕಳಿಸಬೇಡಿ, ನಮ್ಮ ಆಫೀಸಿನ ಕಪಾಟನ್ನು ನಾನು ನಂಬುವುದಿಲ್ಲ. ಹೆಸರು ಹೇಳದೆ ಮುಂದಿನ ಕಾರ್ಯಕ್ರಮದಲ್ಲಿ ಓದುತ್ತೇನೆ. ಆ ಹೊತ್ತಿಗೆ ಮಕ್ಕಳನ್ನೂ ಮೊಮ್ಮಕ್ಕಳನ್ನೂ ರೇಡಿಯೋ ಮುಂದೆ ಕೂರಿಸಿಕೊಳ್ಳಿ. ವಿಶೇಷ ದಿನವೇ ಆಗಬೇಕೆಂದಿಲ್ಲ. ನೀರಿನ ಲಾರಿ ಬಾರದ ದಿನ, ಊರಿಂದ ಹಪ್ಪಳ ಬಂದ ದಿನ, ಯಾವುದಾದರೂ ಸರಿ.